ರೇಡಿಯೊ ಚಿಕ್ಕಮ್ಮನ ಬಾಯಿಂದ ಬಿದ್ದ ದಾರ

ಮೊನ್ನೆ ಒಂದು ಸಿದ್ಧ ಉಡುಪಿನ ಕಾರ್ಖಾನೆಯೊಳಗೆ ಹೋಗಿ ಬಂದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಬಾಗಿಲ ಎದುರಿಗೇ ಆಳೆತ್ತರದ ಬೋರ್ಡು: ‘ಮಾತು ನಿಲ್ಲಲಿ. ಗಮನ ನಿಮ್ಮ ಕೈಗಳ ಮೇಲಿರಲಿ.’ ಒಳಗೆ ಸಾಲು ಸಾಲು ಹೊಲಿಗೆ ಮಿಷನ್ನು. ಪ್ರತಿ ಮಿಷನ್ನಿನ ನೆತ್ತಿಗೂ ಒಂದು ಕ್ಯಾಮೆರಾ. ಅದು ನೋಡುವುದು ಹೊಲಿಯುವವಳ ಮುಖವನ್ನಲ್ಲ, ಬೆರಳುಗಳನ್ನು.

ನನ್ನನ್ನು ಸುತ್ತಾಡಿಸುತ್ತಿದ್ದ ಯುವಕ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಸವರಿಕೊಳ್ಳುತ್ತ ಹೇಳಿದ, “ಇಲ್ಲಿ ಸೂಜಿ ಬಿದ್ರೂ ಕೇಳಿಸುತ್ತೆ ಮೇಡಂ, ಅಷ್ಟು ಶಿಸ್ತು.” ಅಷ್ಟೊಂದು ಮಿಷನ್ನು ಒಟ್ಟಿಗೆ ಗುಡುಗುತ್ತಿದ್ದ ಆ ಹಾಲಿನಲ್ಲಿ ಸೂಜಿಯಲ್ಲ, ಬಂಡೆ ಬಿದ್ದರೂ ಕೇಳಿಸುತ್ತಿರಲಿಲ್ಲ. ಆಮೇಲೆ ಅವನೇ ಸೇರಿಸಿದ, “ಇದೆಲ್ಲ ಬರೀ ಕೈಗೆಲಸ. ತಲೆ ಓಡಿಸೋ ಅಗತ್ಯಾನೇ ಇಲ್ಲ. ಕೈ ಮೇಲೆ ಗಮನ ಇಟ್ರೆ ಮುಗೀತು.”

ಒಂದೇ ಉಸಿರಿನಲ್ಲಿ ಎರಡು ಸುಳ್ಳು. ಅವನಿಗೆ ಅಲ್ಲೇ ನಾಲ್ಕು ಮಾತು ಬಿಗಿಯಬೇಕು ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಯಾಕೆಂದರೆ ಸಾಲಿನ ಕೊನೆಯಲ್ಲಿ ಕುಳಿತಿದ್ದ ನಡುವಯಸ್ಸಿನ ಹೆಂಗಸೊಬ್ಬಳ ತುಟಿ ಅಲ್ಲಾಡುತ್ತಿತ್ತು. ಸದ್ದಿಲ್ಲ. ಯಾರೊಂದಿಗೂ ಅಲ್ಲ. ತನಗೆ ತಾನೇ ಏನೋ ಕಥೆ ಹೇಳಿಕೊಳ್ಳುತ್ತಿದ್ದಳು, ಕೈ ಮಾತ್ರ ಬಟ್ಟೆಯನ್ನು ನೀರಿನ ಹಾಗೆ ಹರಿಸುತ್ತಿತ್ತು. ಈ ಯುವಕ ಅದನ್ನು ನೋಡಿಬಿಟ್ಟಾನು ಎಂದು ನಾನು ಅವನಿಗೆ ಕಿಟಕಿಯಾಚೆಯ ಮರ ತೋರಿಸಿ ಅದ್ಯಾವ ಮರ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನನಗೂ ಬೇಕಿರಲಿಲ್ಲ. ನನ್ನ ಕಣ್ಣ ಮುಂದೆ ಬಂದು ನಿಂತಿದ್ದವಳು ನನ್ನ ಚಿಕ್ಕಮ್ಮ.

ಅಮ್ಮನ ತಂಗಿ. ನಾವಿಬ್ಬರೂ ಹೊಲಿಯುತ್ತಿದ್ದ ದರ್ಜಿ ಅಂಗಡಿಯಲ್ಲೂ ಬೀದಿಯಲ್ಲೂ ಅವಳಿಗೆ ರೇಡಿಯೊ ಎಂದೇ ಹೆಸರು. ಹಚ್ಚುವ ಗುಂಡಿ ಇತ್ತು, ಆರಿಸುವ ಗುಂಡಿ ಇರಲಿಲ್ಲ. “ಇವಳು ಹುಟ್ಟಿದಾಗ ಅಳಲೇ ಇಲ್ಲ ಕಣೇ, ಸೂಲಗಿತ್ತಿ ಹತ್ರ ಊರ ಸಮಾಚಾರ ಕೇಳಿದಳು” ಎಂದು ಅಮ್ಮ ನಗುತ್ತಿದ್ದಳು. ಇಂಥವಳನ್ನು ಕಟ್ಟಿಕೊಂಡ ಚಿಕ್ಕಪ್ಪನಿಗೆ ಬೀಗ ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಬೀದಿಯ ತಿರುವಿನಲ್ಲಿ ಅವನ ಸೈಕಲ್ ರಿಪೇರಿ ಅಂಗಡಿ. ಯಾರು ಏನು ಕೇಳಿದರೂ ‘ಹೂಂ’. ತೀರಾ ಸಿಟ್ಟು ಬಂದರೆ ‘ಹೂಂಹೂಂ’. ಅವನ ಬೀಗ ತೆಗೆಯುತ್ತಿದ್ದದ್ದು ಒಂದೇ ಸಮಯದಲ್ಲಿ, ಯಾರಿಗಾದರೂ ಸೈಕಲ್ ಕಲಿಸುವಾಗ. ಆಗ ಹಿಂದಿನಿಂದ ಸೀಟು ಹಿಡಿದು ಓಡುತ್ತ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುತ್ತಿದ್ದ. ನಿಮ್ಮನೇಲಿ ಇವತ್ತು ಏನು ಅಡುಗೆ, ಪಕ್ಕದ ಮನೆಯವರ ಬಾಗಿಲಿಗೆ ಯಾವ ಬಣ್ಣ, ನಿಮ್ಮಜ್ಜಿ ಹೇಗೆ ಸೀನ್ತಾರೆ. ಉತ್ತರ ಹೇಳುತ್ತ ಹೇಳುತ್ತ ಕಲಿಯುವವರಿಗೆ ಅವನು ಸೀಟು ಬಿಟ್ಟದ್ದೇ ತಿಳಿಯುತ್ತಿರಲಿಲ್ಲ. “ಗಾಲಿ ನೋಡ್ದವನು ಬಿದ್ದ” ಎನ್ನುವುದು ಅವನ ಬಾಯಿಂದ ಬಂದ ಅತಿ ಉದ್ದದ ಸಿದ್ಧಾಂತ.

ಚಿಕ್ಕಮ್ಮನಿಗೂ ಮದುವೆಗೆ ಮುಂಚೆ ಅವನೇ ಸೈಕಲ್ ಕಲಿಸಿದ್ದು. ಆ ಕಥೆ ಅಂಗಡಿಯಲ್ಲಿ ನಮಗೆಲ್ಲ ಬಾಯಿಪಾಠ. ಅವಳು ಅವನ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಬೀದಿಯ ಕೊನೆಯವರೆಗೂ ಹೋದದ್ದು, ಎಷ್ಟು ಹೊತ್ತಾದರೂ ‘ಹೂಂ’ ಕೇಳಿಸಲಿಲ್ಲವಲ್ಲ ಎಂದು ತಿರುಗಿ ನೋಡಿದ್ದು, ಅವನು ಎಲ್ಲೋ ದೂರದಲ್ಲಿ ಗೊಂಬೆಯಷ್ಟು ಚಿಕ್ಕದಾಗಿ ಕಂಡದ್ದು, ಆ ಗಾಬರಿಗೆ ತರಕಾರಿಯವಳ ಟೊಮೇಟೊ ರಾಶಿಯ ಮೇಲೆ ಸೈಕಲ್ ಸಮೇತ ಬಿದ್ದದ್ದು. ಮೈಯೆಲ್ಲ ಕೆಂಪಾದದ್ದನ್ನು ನೋಡಿ ರಕ್ತವೆಂದುಕೊಂಡು ಚಿಕ್ಕಪ್ಪ ಬೀದಿಯಲ್ಲೇ ಕುಕ್ಕರಿಸಿ ಅತ್ತುಬಿಟ್ಟನಂತೆ. “ನನಗೋಸ್ಕರ ಅತ್ತ ಗಂಡಸು ಇವರೊಬ್ರೇ ಕಣ್ರೇ, ಬಿಡೋಕಾಗುತ್ತಾ?” ಎಂದು ಪ್ರತಿ ಸಲವೂ ಅದೇ ಜಾಗದಲ್ಲಿ ನಗುತ್ತಿದ್ದಳು. ನಾವೂ ಅದೇ ಜಾಗದಲ್ಲಿ ನಗುತ್ತಿದ್ದೆವು.

ಆಗ ನಾನು ಬರೆಯುವವಳಲ್ಲ, ಅಂಗಿಗೆ ತೋಳು ಹೊಲಿಯುವವಳು. ಮುಂದೆ ಗಿರಾಕಿಗಳ ಕೌಂಟರು, ಮರದ ಹಲಗೆಯ ತಡಿಕೆ, ಅದರ ಹಿಂದೆ ನಮ್ಮ ಉದ್ದನೆಯ ಕೋಣೆ. ಒಂದು ಗೋಡೆಗೆ ಕಿಟಕಿಗಳು, ಕಿಟಕಿಗೆ ಮುಖ ಮಾಡಿ ಕಾಲಲ್ಲಿ ತುಳಿಯುವ ಮಿಷನ್ನುಗಳು. ನಡುವೆ ಕಟಿಂಗ್ ಮಾಸ್ಟ್ರ ದೊಡ್ಡ ಮೇಜು. ಮಿಷನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇಸ್ತ್ರಿಯ ಬಿಸಿ, ಈ ಮೂರೂ ಬೆರೆತ ಒಂದು ವಾಸನೆ ಇತ್ತು. ಈಗಲೂ ಯಾವುದಾದರೂ ದರ್ಜಿ ಅಂಗಡಿ ಮುಂದೆ ಹಾಯುವಾಗ ಆ ವಾಸನೆ ಮೂಗಿಗೆ ಬಡಿದರೆ ನನ್ನ ಬಲಗಾಲು ತಾನಾಗಿಯೇ ತುಳಿಯಲು ಹೊರಡುತ್ತದೆ. ಕೋಣೆಯ ಹಿಂಭಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡುವಂತೆ ಇನ್ನೊಂದು ಸಣ್ಣ ಮೇಜಿತ್ತು. ಹೊಲಿದು ಮುಗಿದ ಅಂಗಿಯಿಂದ ಚಾಚಿಕೊಂಡ ದಾರದ ಬಾಲಗಳನ್ನು ಕತ್ತರಿಸುವ ಮೇಜು. ಕಣ್ಣು ಹೋದವರು, ಕೈ ಹೋದವರು ಕೊನೆಗೆ ಅಲ್ಲಿ ಹೋಗಿ ಕೂರುತ್ತಿದ್ದರು. ದಾರದ ಮೇಜಿಗೆ ಹೋದವರು ವಾಪಸು ಮಿಷನ್ನಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಚಿಕ್ಕಮ್ಮನದು ಮೊದಲ ಕಿಟಕಿ, ಕಾಲರ್ ಮಿಷನ್ನು. ಅಂಗಿಯಲ್ಲಿ ಕಷ್ಟದ ಜಾಗವೆಂದರೆ ಕಾಲರಿನ ಮೂತಿ, ಅದರ ಚೂಪು ತುದಿ. ಬಟ್ಟೆಯನ್ನು ಒಳಮುಖ ಹೊರಗೆ ಮಾಡಿ ಹೊಲಿಯುತ್ತ ಬಂದು, ತುದಿಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ, ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ, ಮತ್ತೆ ತಿರುಗಿಸಿ ಮುಂದೆ ಓಡಬೇಕು. ಆ ಒಂದು ಹೊಲಿಗೆ ಕೂದಲೆಳೆ ಆಚೀಚೆಯಾದರೂ ಕಾಲರ್ ಮಗುಚಿದಾಗ ಒಂದು ಮೂತಿ ಗಿಣಿಯ ಕೊಕ್ಕು, ಇನ್ನೊಂದು ಬೇಯಿಸಿದ ಬಟಾಣಿ. ಚಿಕ್ಕಮ್ಮ ಇದನ್ನು ಮಾಡುವಾಗ ಕೈ ನೋಡುತ್ತಲೇ ಇರಲಿಲ್ಲ. ಮುಖ ನಮ್ಮ ಕಡೆ, ಮಾತು ಎಲ್ಲರ ಕಡೆ, ಬೆರಳು ಮಾತ್ರ ಅಲ್ಲಿ. ಮಾತಿನ ನಡುವೆ ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಾದ ಏಳುತ್ತಿತ್ತು, ಮಾತು ಮತ್ತೆ ಶುರುವಾಗುವಾಗ ಇಳಿಯುತ್ತಿತ್ತು.

ಹಾಗೆಂದು ಆ ಅಂಗಡಿಯಲ್ಲಿ ಎಲ್ಲರಿಗೂ ಮಾತಾಡುವ ಹಕ್ಕಿರಲಿಲ್ಲ. ಹಳೇ ಯಜಮಾನರ ತಾಯಿಯ ಕಾಲದಿಂದ ಒಂದು ಪದ್ಧತಿ ನಡೆದುಬಂದಿತ್ತು. ಹೊಸದಾಗಿ ಮಿಷನ್ನಿಗೆ ಕೂತವಳು ಎರಡು ತುಟಿಗಳ ನಡುವೆ ಒಂದು ತುಂಡು ದಾರ ಕಚ್ಚಿಕೊಂಡಿರಬೇಕು. ಮಾತಾಡಿದರೆ ದಾರ ಬೀಳುತ್ತದೆ, ಆದ್ದರಿಂದ ಮಾತಿಲ್ಲ. ಕಣ್ಣು ಸೂಜಿಯ ಮೇಲೆ, ಮನಸ್ಸು ಬೆರಳಿನ ಮೇಲೆ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಆಮೇಲೆ ಒಂದು ದಿನ, ಯಾರೋ ಏನೋ ಹೇಳಿದ್ದಕ್ಕೆ ಕಲಿಯುವವಳು ಗೊತ್ತಿಲ್ಲದೆ ಬಾಯಿ ಹಾಕಿಬಿಡುತ್ತಾಳೆ. ದಾರ ಮಡಿಲಿಗೆ ಬೀಳುತ್ತದೆ. ಆಗ ಎಲ್ಲರೂ ನೋಡುವುದು ಅವಳ ಕೈಯನ್ನು. ಕೈ ನಿಂತಿದ್ದರೆ, “ಎತ್ಕೊಳ್ಳಮ್ಮ, ಕಚ್ಕೋ.” ಕೈ ನಿಲ್ಲದೆ ಓಡುತ್ತಿದ್ದರೆ ಅವಳು ಕಲಿತಳು ಎಂದು ಅರ್ಥ. ಕಟಿಂಗ್ ಮಾಸ್ಟ್ರು ಕತ್ತರಿ ಕೆಳಗಿಟ್ಟು ಬಂದು, ಬಿದ್ದ ದಾರವನ್ನು ಎತ್ತಿ ಅವಳ ಮಿಷನ್ನಿನ ಮೇಲೆ ರೀಲು ಕೂರಿಸುವ ಕಡ್ಡಿಗೆ ಗಂಟು ಹಾಕುತ್ತಿದ್ದರು. ಅದೇ ಪದವಿ, ಅದೇ ಪ್ರಮಾಣಪತ್ರ. ನನ್ನ ದಾರ ಬಿದ್ದದ್ದು ಚಿಕ್ಕಮ್ಮ ನಮ್ಮಮ್ಮನ ಬಗ್ಗೆ ಏನೋ ಹೇಳಿದಾಗ ನಾನು “ಸುಳ್ಳು!” ಎಂದದ್ದಕ್ಕೆ. ತೋಳು ಮುಗಿದು ಬಟ್ಟೆ ಕೈಗೆ ಬಂದ ಮೇಲೇ ನನಗೆ ಎಚ್ಚರವಾದದ್ದು. “ಅಬ್ಬಾ, ನಮ್ಮ ವಂಶದ ಬಾಯಿ ಕೊನೆಗೂ ಬಿಡ್ತು” ಎಂದು ಚಿಕ್ಕಮ್ಮ ಕುಣಿದಾಡಿದಳು.

ಈ ಪದ್ಧತಿ ಎಷ್ಟು ಸರಿ ಎಂದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ರದ್ದಿ ಅಂಗಡಿಯ ಪುಸ್ತಕಗಳಲ್ಲಿ ಮಿದುಳಿನ ಬಗ್ಗೆ ಓದಿದಾಗ. ಹೊಸ ಕೆಲಸ ಕಲಿಯುವಾಗ ಹಣೆಯ ಹಿಂದಿನ ಮಿದುಳಿನ ಭಾಗ ಮೈಯೆಲ್ಲ ಕಣ್ಣಾಗಿ ದುಡಿಯುತ್ತದಂತೆ. ಹೊಸ ಗುಮಾಸ್ತನಿದ್ದ ಕಚೇರಿಯ ಹಾಗೆ. ಪ್ರತಿ ಕಾಗದವೂ ಸಾಹೇಬರ ಮೇಜಿಗೆ ಹೋಗಬೇಕು, ಅವರು ಕಣ್ಣಾಡಿಸಬೇಕು, ಆಮೇಲೇ ಮುಂದೆ. ಆಗ ಸಾಹೇಬರಿಗೆ ಬೇರೆ ಯಾರ ಮಾತನ್ನೂ ಕೇಳುವ ಪುರಸೊತ್ತಿಲ್ಲ. ಗುಮಾಸ್ತ ಪಳಗಿದಂತೆ ಕಾಗದ ಮೇಲೆ ಹೋಗುವುದು ಕಡಿಮೆಯಾಗುತ್ತದೆ. ಮಿದುಳಿನ ಆಳದಲ್ಲಿರುವ ನರಗಂಟುಗಳು, ಹಿಂದಲೆಯ ಕಿರುಮಿದುಳು, ಇವೆಲ್ಲ ಸೇರಿ ಕೆಲಸವನ್ನು ಒಳಗೊಳಗೇ ನಡೆಸಿಬಿಡುತ್ತವೆ. ಸಾಹೇಬರಿಗೆ ಬಿಡುವು.

ಆದರೆ ಬಿಡುವಾದ ಗಮನ ಸುಮ್ಮನೆ ಕೂರುವ ಜಾತಿಯದಲ್ಲ. ಅದಕ್ಕೆ ಬೇರೆ ಏನಾದರೂ ಕೊಡಬೇಕು: ಒಂದು ಕಥೆ, ಒಂದು ಹಾಡು, ಪಕ್ಕದವಳ ಸೊಸೆಯ ಸುದ್ದಿ. ಕೊಡದಿದ್ದರೆ, ಕೆಲಸವಿಲ್ಲದ ಸಾಹೇಬರು ಗುಮಾಸ್ತನ ಬೆನ್ನ ಹಿಂದೆ ಬಂದು ನಿಂತು, ಈ ಕಡತದ ಗಂಟು ಯಾಕೆ ಎಡಗೈಲಿ ಹಾಕ್ತೀಯ ಎಂದು ಕೇಳಲು ಶುರುಮಾಡುತ್ತಾರೆ. ಜೀವಮಾನವೆಲ್ಲ ಸರಿಯಾಗಿ ಗಂಟು ಹಾಕಿದವನಿಗೆ ಅವತ್ತು ಗಂಟೇ ಮರೆತುಹೋಗುತ್ತದೆ. ಮೆಟ್ಟಿಲಿಳಿಯುವಾಗ ಯಾವ ಕಾಲು ಮೊದಲು ಎಂದು ಯೋಚಿಸಿ ನೋಡಿ, ತಿಳಿಯುತ್ತದೆ. ಕಲಿಯುವವಳ ಬಾಯಿಗೆ ದಾರ, ಕಲಿತವಳ ಬಾಯಿಗೆ ಮಾತು. ಹಳೇ ಯಜಮಾನರ ತಾಯಿ ಯಾವ ಪುಸ್ತಕವನ್ನೂ ಓದಿದವಳಲ್ಲ. ಬಹುಶಃ ಅವಳಿಗೆ ಗೊತ್ತಿದ್ದದ್ದು ಇಷ್ಟೇ, ಹೀಗೆ ಮಾಡಿದರೆ ಅಂಗಿ ಚೆನ್ನಾಗಿ ಬರುತ್ತದೆ.

ಹಳೇ ಯಜಮಾನರಿಗೆ ಮಂಡಿ ನೋವು ಹೆಚ್ಚಿ ಅಂಗಡಿಯನ್ನು ಅಳಿಯನ ಕೈಗೆ ಬಿಟ್ಟರು. ಅಳಿಯ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ನನ್ನ ಸಿಟ್ಟು ಯಾವಾಗಲೂ ಒಳ್ಳೆಯದು ಮಾಡಲು ಹೊರಟು, ಮಾಡುವವರನ್ನು ಒಂದು ಮಾತೂ ಕೇಳದವರ ಮೇಲೆ. ಮೊದಲ ವಾರವೇ ಅವನಿಗೆ ದಾರ ಕಚ್ಚುವ ಪದ್ಧತಿ ಕಂಡಿತು. “ಇದೇನಮ್ಮ, ಅನಾಗರಿಕ! ಬಾಯಿಗೆ ದಾರ ಹಾಕಿ ಕೂರಿಸೋದಾ?” ಎಂದು ನೊಂದುಕೊಂಡು ಅದನ್ನು ನಿಲ್ಲಿಸಿದ. ಎರಡನೇ ವಾರ ನಮ್ಮ ಹರಟೆ ಕೇಳಿಸಿತು. ಮೂರನೇ ವಾರ ಗೋಡೆಗೆ ಬೋರ್ಡು ಬಂತು: ‘ಮಾತು ಬೆಳ್ಳಿ, ಮೌನ ಬಂಗಾರ. ಕೆಲಸಗಾರರು ಮಾತಾಡಬಾರದು.’

ಚಿಕ್ಕಮ್ಮ ಓದಿದಳು. “ನಮಗೆ ಬೆಳ್ಳೀನೇ ಸಾಕಪ್ಪ. ಬಂಗಾರ ನಿಮ್ಮ ಹೆಂಡ್ತಿಗೆ ಮಾಡಿಸ್ಕೊಡಿ.”

ಕೋಣೆಯೆಲ್ಲ ನಗು. ಅಳಿಯನ ಕಿವಿ ಕೆಂಪಾಯಿತು. “ನೋಡಿ ಅಕ್ಕಾವ್ರೇ, ನಿಮ್ಮ ಹಿರಿತನಕ್ಕೆ ಮರ್ಯಾದೆ ಕೊಡ್ತೀನಿ. ಆದ್ರೆ ನಾಳೆಯಿಂದ ಮಾತು ಬಂದ್. ಮಾತಾಡ್ತಾ ಇಷ್ಟು ಹೊಲಿಯೋರು, ಮಾತಿಲ್ದೆ ಇನ್ನೆಷ್ಟು ಹೊಲಿಬಹುದು, ಯೋಚನೆ ಮಾಡಿ!”

ಲೆಕ್ಕ ಅವನ ತಲೆಯಲ್ಲಿ ಸರಿಯಾಗಿಯೇ ಇತ್ತು. ಕೈಯಲ್ಲಿ ಮಾತ್ರ ತಪ್ಪಾಯಿತು.

ಆ ಮೌನದ ದಿನಗಳು ನನಗೆ ಈಗಲೂ ನೆನಪಿವೆ. ಕೋಣೆ ಸತ್ತವರ ಮನೆಯ ಹಾಗಿತ್ತು. ಮಿಷನ್ನಿನ ಸದ್ದು ಮೊದಲ ಸಲ ಕಿವಿಗೆ ಕರ್ಕಶವಾಗಿ ಕೇಳಿಸಿತು. ನಾವೆಲ್ಲ ಹೇಗೋ ಸಂಭಾಳಿಸಿಕೊಂಡೆವು. ಒಬ್ಬಳು ಮನಸ್ಸಿನಲ್ಲೇ ಹಾಡಿಕೊಂಡಳು, ನಾನು ಕಟಿಂಗ್ ಮೇಜಿನಡಿ ಹಾಸಿದ್ದ ಹಳೇ ಪತ್ರಿಕೆಯ ಸಾಲುಗಳನ್ನು ನೆನಪಿನಲ್ಲಿ ಓದಿಕೊಂಡೆ. ಚಿಕ್ಕಮ್ಮನಿಗೆ ಒಳಗೊಳಗೇ ಮಾತಾಡುವುದು ಗೊತ್ತಿರಲಿಲ್ಲ. ಅವಳ ಮಾತು ಹೊರಗೇ ಹುಟ್ಟಿ ಹೊರಗೇ ಬೆಳೆದದ್ದು. ಅವಳ ಗಮನ ಹೋಗಲು ಬೇರೆ ದಾರಿಯಿಲ್ಲದೆ ಕೈಗೆ ಬಂದು ಕೂತಿತು. ಸೂಜಿ ಎಲ್ಲಿ ನಿಲ್ಲುತ್ತೆ, ಪಾದ ಎಷ್ಟು ಏಳುತ್ತೆ, ಹೆಬ್ಬೆರಳು ಮೊದಲಾ ತೋರುಬೆರಳು ಮೊದಲಾ. ಒಂದು ಮಧ್ಯಾಹ್ನ ಅವಳ ಮಿಷನ್ನು ತಟ್ಟನೆ ನಿಂತಿತು. ಸೂಜಿ ತೋರುಬೆರಳ ಉಗುರಿನ ಮೂಲಕ ಇಳಿದು ಹೋಗಿತ್ತು.

ಅವಳು ಕೂಗಲಿಲ್ಲ. ಬೋರ್ಡು ಇತ್ತಲ್ಲ. ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಸೂಜಿ ಬಿಡಿಸಿಕೊಂಡು, ಬಿಳಿ ಕಾಲರಿನ ಮೇಲೆ ರಕ್ತ ಬೀಳದಂತೆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಬೆರಳು ವಾಸಿಯಾಯಿತು. ಕೈ ಆಗಲಿಲ್ಲ. ಈಗ ಮೌನದ ಮೇಲೆ ಭಯವೂ ಸೇರಿತ್ತು. ಕಾಲರಿನ ಮೂತಿ ಹತ್ತಿರ ಬಂದಂತೆ ಅವಳು ಬಗ್ಗಿ ಬೆರಳನ್ನೇ ನೋಡುವಳು, ಕಾಲು ತಡವರಿಸುವುದು, ಹೊಲಿಗೆ ಆಚೆ ಹೋಗುವುದು. ಅಳಿಯನಿಗೆ ನಿಜವಾಗಿಯೂ ಕನಿಕರ ಬಂತು. ಪೇಟೆಗೆ ಹೋಗಿ ಬಗ್ಗುವ ಕುತ್ತಿಗೆಯ ಒಂದು ದೀಪ ತಂದು ಅವಳ ಮಿಷನ್ನಿಗೆ ತಾನೇ ತಿರುಪು ಹಾಕಿ ಕೂರಿಸಿದ. “ಕೈ ಚೆನ್ನಾಗಿ ಕಾಣುತ್ತೆ ಅಕ್ಕಾವ್ರೇ. ಇನ್ನೂ ಸ್ವಲ್ಪ ಗಮನ ಕೊಟ್ಟು ನೋಡಿ.” ಅವಳ ಕೈ ನಾಟಕದ ರಂಗದ ಮೇಲೆ ನಿಂತ ಹೊಸಬನ ಹಾಗೆ ಬೆಳಕಿನಲ್ಲಿ ಹೆಜ್ಜೆ ತಪ್ಪಿತು. ಮುಳುಗುತ್ತಿರುವವಳಿಗೆ ಕುಡಿಯಲು ನೀರು ಕೊಟ್ಟ ಹಾಗಾಯಿತು.

ಗಿಣಿ ಕೊಕ್ಕು ಮತ್ತು ಬಟಾಣಿಗಳ ರಾಶಿ ಬೆಳೆಯಿತು. ಒಂದು ಸಂಜೆ ಅಳಿಯ ಅವಳನ್ನು ಕರೆದು, ನೆಲ ನೋಡುತ್ತ ಹೇಳಿದ, “ಶನಿವಾರ ನಾನೇ ಪಕ್ಕದಲ್ಲಿ ನಿಂತು ನೋಡ್ತೀನಿ. ಸರಿಯಾಯ್ತೋ ಸಂತೋಷ. ಇಲ್ದಿದ್ರೆ... ವಯಸ್ಸು ಆಯ್ತಲ್ಲ ಅಕ್ಕಾವ್ರೇ, ದಾರದ ಮೇಜಲ್ಲಿ ಆರಾಮಾಗಿ ಕೂತ್ಕೊಳ್ಳಿ.”

ಆ ‘ಆರಾಮ’ ಎಂಬ ಪದವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮಾರನೇ ಬೆಳಗ್ಗೆ ಬಂದು ನೋಡುತ್ತೇನೆ, ಚಿಕ್ಕಮ್ಮ ಮೊದಲ ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಎರಡು ತುಟಿಗಳ ನಡುವೆ ಒಂದು ತುಂಡು ಬಿಳಿ ದಾರ.

ನಮ್ಮೆಲ್ಲರ ಗುರು, ತನ್ನ ಮಕ್ಕಳ ವಯಸ್ಸಿನವರಿಗೆ ಕಾಲರ್ ಕಲಿಸಿದವಳು, ಮತ್ತೆ ಮೊದಲಿನಿಂದ ಕಲಿಯಲು ಕೂತಿದ್ದಳು. ಯಾರೂ ನಗಲಿಲ್ಲ. ಅಳಿಯನೂ ಬೇಡವೆನ್ನಲಿಲ್ಲ. ಕಟಿಂಗ್ ಮಾಸ್ಟ್ರು ಕತ್ತರಿ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದವರು, ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು, “ಬೆಟ್ಟ ಹತ್ತಿದವಳು ತಪ್ಪಲಿಂದ ಮತ್ತೆ ಹತ್ತೋಕೆ ಹೊರಟಿದ್ದಾಳೆ ನೋಡು. ಆ ಹಳೇ ಸೊಕ್ಕೇ ಹೋಗಿದೆ, ಅದೇ ನನಗೆ ಭಯ.”

ದಾರ ಕಚ್ಚಿದ ಮೇಲೆ ಒಂದು ವ್ಯತ್ಯಾಸ ಕಂಡಿತು. ಮೂತಿಗಳು ನಿಧಾನವಾಗಿ ಸರಿಯಾಗತೊಡಗಿದವು. ಆದರೆ ಅವು ಕಲಿಯುವವಳ ಮೂತಿಗಳು. ಒಂದು ಕಾಲರಿಗೆ ಅವಳು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಅಂಗಿಯ ಎರಡೂ ತೋಳು ಮುಗಿಸುತ್ತಿದ್ದೆ. ಅಷ್ಟಾದರೂ ಒಂದು ಮೂತಿ ಸರಿ ಬಂದರೆ ಇನ್ನೊಂದು ತಪ್ಪು. ಸಂಜೆ ಮನೆಗೆ ಹೋಗುವಾಗಲೂ ಅವಳು ಮಾತಾಡುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶುಕ್ರವಾರ ಸಂಜೆ ನಾನು ಅವರ ಮನೆಗೆ ಹೋದಾಗ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಸೈಕಲ್ ಗಾಲಿಯೊಂದರ ಕಡ್ಡಿಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದ. ತಲೆ ಎತ್ತದೆ ಕೇಳಿದ, “ಕೈ ನೋಡ್ಕೊಂಡು ಹೊಲಿತಾಳಾ?”

ಅವನಾಗಿಯೇ ಕೇಳಿದ ಪ್ರಶ್ನೆ! “ಹೌದು ಚಿಕ್ಕಪ್ಪ. ಕಣ್ಣು ತೆಗೆಯೋದೇ ಇಲ್ಲ.”

“ಹೂಂ” ಎಂದು ಗಾಲಿ ತಿರುಗಿಸಿ ನೋಡಿದ.

ಶನಿವಾರ ಬೆಳಗ್ಗೆ ಅಳಿಯ ಹೇಳಿದ ಹಾಗೆಯೇ ಅವಳ ಪಕ್ಕದಲ್ಲಿ ಬಂದು ನಿಂತ. ದೀಪ ಹಚ್ಚಿದ. ಚಿಕ್ಕಮ್ಮ ದಾರ ಕಚ್ಚಿಕೊಂಡು ಮೊದಲ ಕಾಲರ್ ಹಿಡಿದಳು. ಎಡ ಮೂತಿ ಸರಿ ಬಂತು. ಬಲ ಮೂತಿಯಲ್ಲಿ ಸೂಜಿ ನಿಂತಿತು, ಪಾದ ಎದ್ದಿತು, ಬಟ್ಟೆ ತಿರುಗಿತು, ಅವಳ ಬೆರಳು ಸೂಜಿಯಿಂದ ಹಿಂದೆ ಸರಿಯಿತು, ಹೊಲಿಗೆ ಜಾರಿತು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಹೊಲಿಯುವ ಮೊದಲು ಅವಳು ಒಂದು ಸಲ ಹಿಂದೆ ತಿರುಗಿ ದಾರದ ಮೇಜನ್ನು ನೋಡಿದಳು. ಅಳಿಯ ಕೆಮ್ಮಿದ. ಅವನ ಬಾಯಲ್ಲಿ ತೀರ್ಪು ತಯಾರಾಗಿತ್ತು.

ಆಗ ತಡಿಕೆಯ ಆಚೆ ಕೌಂಟರಿನ ಗಂಟೆ ಸದ್ದು ಮಾಡಿತು. ಅಳಿಯ ಹೋಗುವ ಮೊದಲೇ ಗಿರಾಕಿ ಒಳಗೇ ಬಂದುಬಿಟ್ಟಿದ್ದ. ಬೀಗ ಚಿಕ್ಕಪ್ಪ. ಕೈಯಲ್ಲಿ ಗ್ರೀಸಿನ ಕಲೆ, ಕಂಕುಳಲ್ಲಿ ಒಂದು ಹಳೇ ನೀಲಿ ಅಂಗಿ. ಇಷ್ಟು ವರ್ಷಗಳಲ್ಲಿ ಅವನು ಅಂಗಡಿಯ ಒಳಕೋಣೆಗೆ ಕಾಲಿಟ್ಟದ್ದು ಅದೇ ಮೊದಲು.

“ಇದಕ್ಕೆ ಹೊಸ ಕಾಲರ್ ಆಗ್ಬೇಕು. ಈಗ್ಲೇ” ಎಂದ.

“ಬಿಟ್ಟು ಹೋಗಿ ಯಜಮಾನ್ರೇ, ಸೋಮವಾರ...” ಎಂದ ಅಳಿಯ.

“ಸೋಮವಾರ ಆಗಲ್ಲ. ಇವಳೇ ಹೊಲಿಬೇಕು. ನಾನಿಲ್ಲೇ ಕೂತಿರ್ತೀನಿ.” ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಚಿಕ್ಕಮ್ಮನ ಮಿಷನ್ನಿನ ಎದುರಿಗೆ ಹಾಕಿಕೊಂಡು ಕೂತೇಬಿಟ್ಟ. ಗಿರಾಕಿಯನ್ನು ಎಬ್ಬಿಸುವುದು ಹೇಗೆ? ಅಳಿಯ ಬೋರ್ಡು ತೋರಿಸಿ, “ಇಲ್ಲಿ ಮಾತಾಡೋ ಹಾಗಿಲ್ಲ” ಎಂದ.

ಚಿಕ್ಕಪ್ಪ ಬೋರ್ಡನ್ನು ನಿಧಾನವಾಗಿ ಓದಿದ. “ಕೆಲಸಗಾರರು ಅಂತ ಇದೆ. ನಾನು ಗಿರಾಕಿ.”

ಕಟಿಂಗ್ ಮಾಸ್ಟ್ರು ತಿರುಗಿ ನಿಂತು ಗೋಡೆಗೆ ನಕ್ಕರು. ನೀಲಿ ಬಟ್ಟೆಯ ಒಂದು ತುಂಡಿನಲ್ಲಿ ಕಾಲರ್ ಕತ್ತರಿಸಿ, ಒಳಪದರ ಸೇರಿಸಿ ತಂದುಕೊಟ್ಟರು. ಚಿಕ್ಕಮ್ಮ ಗಂಡನ ಮುಖವನ್ನು ‘ಇದೇನು ಹುಚ್ಚು’ ಎಂಬಂತೆ ನೋಡಿ, ದಾರ ಸರಿಯಾಗಿ ಕಚ್ಚಿಕೊಂಡು, ದೀಪದಡಿ ಬಗ್ಗಿದಳು.

ಅವಳ ಕಾಲು ತುಳಿಯಲು ಶುರುಮಾಡಿದ್ದೇ ತಡ, ಚಿಕ್ಕಪ್ಪ ಅಳಿಯನ ಕಡೆ ತಿರುಗಿ ಮಾತಾಡತೊಡಗಿದ.

“ಈ ಅಂಗಿ ಹಳೇದು. ಇವಳಿಗೆ ಸೈಕಲ್ ಕಲಿಸಿದ ದಿನ ಇದನ್ನೇ ಹಾಕ್ಕೊಂಡಿದ್ದೆ. ಕೇಳಿದ್ದೀರಾ ಆ ಕಥೆ? ಕಲಿಯೋದು ಎಲ್ಲಿ ಬಂತು! ನಾನು ಸೀಟೇ ಬಿಟ್ಟಿರ್ಲಿಲ್ಲ, ಆಗ್ಲೇ ಬಿದ್ದಳು.”

ಚಿಕ್ಕಮ್ಮನ ಹುಬ್ಬು ಮೇಲೆದ್ದಿತು. ಕಣ್ಣು ಮಾತ್ರ ಬೆರಳ ಮೇಲೇ.

“ಬ್ರೇಕ್ ಹಿಡಿಯೋಕೆ ಬರ್ಲಿಲ್ಲ. ಸೀದಾ ಹೋಗಿ ಬದನೆಕಾಯಿ ರಾಶಿ ಮೇಲೆ ಬಿದ್ದಳು.”

ಅವಳ ಮೂಗಿನಿಂದ ಒಂದು ಹೂಂಕಾರ ಬಂತು. ಎಡ ಮೂತಿ ಹತ್ತಿರ ಬಂತು. ಪಾದ ಎದ್ದು ಇಳಿಯಿತು.

“ಬಿದ್ದವಳು ಏಳ್ಬೇಕೋ ಬೇಡ್ವೋ? ಬೀದಿಯಲ್ಲೇ ಕೂತು ಗೊಳೋ ಅಂತ ಅತ್ತಳು. ನಾನೇ ಎತ್ತಿ, ಕಣ್ಣೊರೆಸಿ...”

“ಟೊಮೇಟೊ!” ಎಂದಳು ಚಿಕ್ಕಮ್ಮ.

ಕೋಣೆಯ ಅಷ್ಟೂ ಮಿಷನ್ನುಗಳು ಒಟ್ಟಿಗೆ ನಿಂತವು, ಒಂದನ್ನು ಬಿಟ್ಟು.

“ಟೊಮೇಟೊ ಕಣ್ರೀ ಅದು! ಬದನೆಕಾಯಿಯಂತೆ! ಬದನೆಕಾಯಿ ಮೇಲೆ ಬಿದ್ರೆ ಮೈಯೆಲ್ಲಾ ಕೆಂಪಾಗುತ್ತಾ? ಅತ್ತಿದ್ದು ಯಾರು? ನಾನಾ? ಹೇಳ್ರೀ, ಇವರ ಮುಂದೆ ಹೇಳ್ರೀ! ಕುಕ್ಕರುಗಾಲಲ್ಲಿ ಕೂತು, ‘ಅಯ್ಯೋ ಸತ್ತೋದ್ಲು, ಅಯ್ಯೋ ಸತ್ತೋದ್ಲು’ ಅಂತ ಬೀದಿ ಒಂದು ಮಾಡಿದ್ಯಾರು? ಸೀಟು ಬಿಟ್ಟಿರ್ಲಿಲ್ವಂತೆ! ಬೀದಿ ಆ ತುದೀಲಿ ಬೆರಳಷ್ಟು ಕಾಣ್ತಿದ್ರಿ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಇದಕ್ಕೇನಾ, ಒಟ್ಟಿಗೆ ಸುಳ್ಳು ಹೇಳೋಕೆ? ತರಕಾರಿಯವಳು ಇವತ್ತಿಗೂ ಸಾಕ್ಷಿ ಹೇಳ್ತಾಳೆ, ಕರೆಸ್ಲಾ?”

ಅವಳ ಮುಖ ಗಂಡನ ಕಡೆ ಇತ್ತು. ಉರಿಯುವ ಕಣ್ಣು ಅವನ ಮೇಲೆ ನೆಟ್ಟಿತ್ತು. ‘ಕರೆಸ್ಲಾ’ ಎಂದು ಉಸಿರು ತೆಗೆದುಕೊಂಡ ಜಾಗದಲ್ಲಿ ಪಾದ ಎದ್ದಿತು, ನೀಲಿ ಬಟ್ಟೆ ಬಲ ಮೂತಿಯಲ್ಲಿ ತಿರುಗಿತು, ಅಡ್ಡಕ್ಕೆ ಒಂದು ಹೊಲಿಗೆ ಬಿತ್ತು, ಮತ್ತೆ ತಿರುಗಿತು, ಮಿಷನ್ನು ಓಡಿತು. ಕೊನೆ ಮುಟ್ಟಿದ ಮೇಲೆ ಕೈ ತಾನಾಗಿಯೇ ಕತ್ತರಿ ಎತ್ತಿ ದಾರ ಕಡಿಯಿತು, ಮೂಲೆಗಳನ್ನು ಸವರಿತು, ಕಾಲರನ್ನು ಮಗುಚಿ ಬಿದಿರು ಕಡ್ಡಿಯಿಂದ ಮೂತಿಗಳನ್ನು ತಿವಿದು ಹೊರಗೆ ತೆಗೆಯಿತು. ಇಷ್ಟೂ ಹೊತ್ತು ಅವಳು ತರಕಾರಿಯವಳ ಮನೆ ಎಲ್ಲಿದೆ ಎಂದು ಅಳಿಯನಿಗೆ ವಿವರಿಸುತ್ತಿದ್ದಳು.

ಅಳಿಯ ಕೈ ಚಾಚಿದ. ಅವಳು ಕಾಲರ್ ಕೊಟ್ಟಳು. ಆಗ, ತನ್ನ ಖಾಲಿ ಕೈಯನ್ನು ನೋಡಿದಾಗ, ಅವಳ ಮಾತು ನಿಂತಿತು. ಬಲಗೈ ಮೆಲ್ಲನೆ ತುಟಿಯ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ದಾರ ಅವಳ ಮಡಿಲಲ್ಲಿ ಬಿದ್ದಿತ್ತು.

ಅಳಿಯ ಕಾಲರಿನ ಎರಡು ಮೂತಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ಹೆಬ್ಬೆರಳಿಂದ ಒತ್ತಿದ. ಚುಚ್ಚಿತೇನೋ, ಬೆರಳನ್ನು ಬಾಯಿಗಿಟ್ಟುಕೊಂಡ. “ಇನ್ನೊಂದು ಹೊಲೀರಿ” ಎಂದ.

ಅವಳು ತಬ್ಬಿಬ್ಬಾಗಿ ಮತ್ತೆ ದೀಪದಡಿಗೆ ಬಗ್ಗಿದಳು.

“ಹಂಗಲ್ಲ” ಎಂದ ಅಳಿಯ. ಕೈ ಚಾಚಿ ದೀಪ ಆರಿಸಿದ. “ಆ ತರಕಾರಿಯವಳು... ದುಡ್ಡು ಕೇಳ್ಲಿಲ್ವಾ, ಟೊಮೇಟೊಗೆ?”

“ಕೇಳ್ದೇ ಬಿಡ್ತಾಳಾ?” ಎಂದು ಚಿಕ್ಕಮ್ಮ ಅವನ ಕಡೆ ತಿರುಗಿದಳು. ಕಾಲು ತುಳಿಯತೊಡಗಿತು. ಒಂದೊಂದಾಗಿ ನಮ್ಮ ಮಿಷನ್ನುಗಳೂ ಓಡತೊಡಗಿದವು.

ಕಟಿಂಗ್ ಮಾಸ್ಟ್ರು ಕತ್ತರಿ ಕೆಳಗಿಟ್ಟು ಬಂದರು. ಅವಳ ಮಡಿಲಿನ ದಾರ ಎತ್ತಿಕೊಂಡರು. ಮಿಷನ್ನಿನ ತಲೆಯ ಕಡ್ಡಿಯಲ್ಲಿ, ಎಣ್ಣೆ ಧೂಳು ಕುಡಿದು ಕಪ್ಪಾಗಿ, ಅವಳ ಹದಿಹರೆಯದ ಮೊದಲ ದಾರ ಇನ್ನೂ ಇತ್ತು. ಅದರ ಮೇಲೆ ಈ ಬಿಳಿಯದನ್ನು ಸುತ್ತಿ ಗಂಟು ಹಾಕಿದರು. ಒಂದೇ ಮಿಷನ್ನಿಗೆ ಎರಡು ದಾರ ಕಟ್ಟಿಸಿಕೊಂಡವಳು ಆ ಅಂಗಡಿಯಲ್ಲಿ ಅವಳೊಬ್ಬಳೇ.

ಬೋರ್ಡನ್ನು ಅಳಿಯ ತೆಗೆಯಲಿಲ್ಲ. ಹಾಗೆ ತೆಗೆಯುವ ದೊಡ್ಡತನ ಕಥೆಗಳಲ್ಲಿ ಇರುತ್ತದೆ. ಚಿಕ್ಕಮ್ಮ ಅದರ ಮೊಳೆಗೆ ತನ್ನ ಅಳತೆ ಟೇಪು ನೇತುಹಾಕಲು ಶುರುಮಾಡಿದಳು, ನಾವೂ ಹಾಕಿದೆವು, ಬಂಗಾರವೂ ಬೆಳ್ಳಿಯೂ ಟೇಪುಗಳ ಹಿಂದೆ ಮರೆಯಾದವು. ದೀಪ ಕಟಿಂಗ್ ಮೇಜಿಗೆ ಹೋಯಿತು, ಅಲ್ಲಿ ಅದರ ಅಗತ್ಯ ನಿಜವಾಗಿಯೂ ಇತ್ತು. ದಾರದ ಮೇಜಿಗೆ ಚಿಕ್ಕಮ್ಮ ಕೊನೆಯವರೆಗೂ ಹೋಗಲಿಲ್ಲ. ಅವಳು ಕೆಲಸ ಬಿಟ್ಟದ್ದು ತಾನಾಗಿಯೇ, ಮೊದಲ ಕಿಟಕಿಯಿಂದ, ಒಂದು ಕಥೆಯ ಮಧ್ಯದಲ್ಲಿ.

ಆ ಶನಿವಾರ ಸಂಜೆ ಮೂವರೂ ಮನೆಗೆ ನಡೆದು ಹೋದೆವು. ಚಿಕ್ಕಪ್ಪ ಹೊಸ ಕಾಲರಿನ ನೀಲಿ ಅಂಗಿ ತೊಟ್ಟಿದ್ದ. ಮೂತಿಗಳು ಕತ್ತಿನ ಎರಡೂ ಕಡೆ ಒಂದೇ ಸಮ. ಚಿಕ್ಕಮ್ಮ ಬೀದಿಯುದ್ದಕ್ಕೂ ಬೈಯುತ್ತಿದ್ದಳು. ವಾರಗಟ್ಟಲೆ ಕೂಡಿಟ್ಟ ಮಾತು, ಕಟ್ಟೆ ಒಡೆದ ಹಾಗೆ. ಸೈಕಲ್ ಅಂಗಡಿಯ ತಿರುವಿನಲ್ಲಿ ತಟ್ಟನೆ ನಿಂತು ಅವನ ಮುಖ ದಿಟ್ಟಿಸಿದಳು.

“ರೀ. ಬದನೆಕಾಯಿ ಅಂದ್ರಲ್ಲ. ಬೇಕಂತ್ಲೇ ತಾನೇ?”

“ಹೂಂ” ಎಂದ ಚಿಕ್ಕಪ್ಪ.